ಲೈಟೇ ಹತ್ತದ ಲ್ಯಾಪ್‌ಟಾಪ್ ಬೋರ್ಡ್: ಹತ್ತು ದಿನದ ರಿಪೇರಿ ಲೆಕ್ಕ

ನಮ್ಮ ಓಣಿಯ ಕಾಕಾ ಕಲಬುರಗಿಯ ನೆಹರೂ ಗಂಜಿನಲ್ಲಿ ಒಂದು ದಾಲ್ ಮಿಲ್ಲಿನ ಲೆಕ್ಕ ಬರೆಯುತ್ತಾರೆ. ಜೂನ್ ಮೊದಲ ವಾರ ಮಳೆ ಬಂದ ರಾತ್ರಿ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಮಲಗಿದ್ದರು. ಮುಂಜಾನೆ ಬಟನ್ ಒತ್ತಿದರೆ ಏನೂ ಇಲ್ಲ. ಫ್ಯಾನ್ ತಿರುಗುವುದಿಲ್ಲ, ಚಾರ್ಜಿಂಗ್ ಲೈಟ್ ಹತ್ತುವುದಿಲ್ಲ. ಒಂದು ಅಂಗಡಿಗೆ ಒಯ್ದು ತೋರಿಸಿದರು. ಅಲ್ಲಿ ಬಿಚ್ಚದೆಯೇ ಬೋರ್ಡ್ ಹೋಗಿದೆ ಅಂದರು, ಬೇರೆ ಬೋರ್ಡಿಗೆ 11,000 ರೂಪಾಯಿ ಹೇಳಿದರು.

"ತಮ್ಮಾ, ರಾತ್ರಿ ಚಲೋ ಇತ್ತು. ಈಗ ಲೈಟ್ ಸುದಾ ಹತ್ತವಲ್ದು. ಜರಾ ನೋಡಪಾ, ಲೆಕ್ಕ ಪೂರಾ ಅದರಾಗೇ ಅದ" ಎಂದು ರವಿವಾರ ಮುಂಜಾನೆ ಚೀಲ ಹಿಡಿದುಕೊಂಡು ಮನೆಗೆ ಬಂದರು.

ನಾನು ಹಗಲು ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ರಿಪೇರಿ ಹೆಚ್ಚಾಗಿ ಸಂಜೆ ಮತ್ತು ರಜೆ ದಿನ. ಈ ಬೋರ್ಡಿನಲ್ಲಿ ನಾನು ಎರಡು ದೊಡ್ಡ ತಪ್ಪು ಮಾಡಿದೆ. ಎರಡನ್ನೂ ಆದ ಹಾಗೇ ಬರೆಯುತ್ತಿದ್ದೇನೆ. ಅಳತೆಗಳೆಲ್ಲ ಆಗಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡವು.

ಬಳಸಿದ ಸಾಮಾನು: ಸಾಧಾರಣ ಮಲ್ಟಿಮೀಟರ್, 30 ವೋಲ್ಟ್ 5 ಆಂಪ್‌ನ ಬೆಂಚ್ ಪವರ್ ಸಪ್ಲೈ (ವೋಲ್ಟೇಜ್, ಕರೆಂಟ್ ಮಿತಿ ಎರಡನ್ನೂ ನಾವೇ ಇಡಬಹುದು; ಸೆಕೆಂಡ್ ಹ್ಯಾಂಡ್, 3,200 ರೂಪಾಯಿಗೆ ಎರಡು ವರ್ಷದ ಹಿಂದೆ ತಗೊಂಡಿದ್ದು), ಹಾಟ್ ಏರ್ (ಬಿಸಿ ಗಾಳಿ ಊದಿ ಸೋಲ್ಡರ್ ಕರಗಿಸುವ ಸಾಧನ), ಸಣ್ಣ ಮೊನೆಯ ಸೋಲ್ಡರಿಂಗ್ ಐರನ್, ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹಿಡಿಯಲು ಹಚ್ಚುವುದು), ಐಸೋಪ್ರೊಪೈಲ್ ಆಲ್ಕೋಹಾಲ್, ಕಣ್ಣಿಗೆ ಹಾಕುವ ಭೂತಗನ್ನಡಿ.

ಜೂನ್ 8, ರವಿವಾರ ಮುಂಜಾನೆ: ಬಿಚ್ಚುವ ಮೊದಲು

ಅಡಾಪ್ಟರ್ ಮೇಲೆ 19.5 ವೋಲ್ಟ್, 3.33 ಆಂಪ್ ಎಂದು ಬರೆದಿತ್ತು. ಮೀಟರ್ ಹಿಡಿದರೆ 19.4 ಬಂತು. ಇಷ್ಟಕ್ಕೇ ಅಡಾಪ್ಟರ್ ಚೆನ್ನಾಗಿದೆ ಅನ್ನಬಾರದು. ಖಾಲಿ ಇದ್ದಾಗ ಸರಿಯಾದ ವೋಲ್ಟೇಜ್ ತೋರಿಸಿ, ಲೋಡ್ ಬಿದ್ದ ಕೂಡಲೇ ಕುಸಿಯುವ ಅಡಾಪ್ಟರುಗಳನ್ನು ನೋಡಿದ್ದೇನೆ. ಅದೇ ಪಿನ್ ಹಿಡಿಯುವ ನನ್ನ ಲ್ಯಾಪ್‌ಟಾಪಿಗೆ ಹಾಕಿ ಅರ್ಧ ತಾಸು ನಡೆಸಿದೆ. ಚಾರ್ಜ್ ಕೂಡ ಆಯಿತು. ಅಡಾಪ್ಟರ್ ಪಾಸ್.

ಕಾಕಾ ಅವರಿಗೆ ಅನುಮಾನ ಇದ್ದದ್ದು ಆ ರಾತ್ರಿಯ ಕರೆಂಟಿನ ಮೇಲೆ. ಹೋಗಿ ಬಂದು, ಹೋಗಿ ಬಂದು ಮಾಡಿತ್ತಂತೆ. ಆದರೆ ಕರೆಂಟು ಮೊದಲು ಹೊಡೆಯಬೇಕಾದದ್ದು ಅಡಾಪ್ಟರನ್ನು. ಅದು ಚೆನ್ನಾಗಿಯೇ ಇತ್ತು. ಹಾಗಾಗಿ ಆ ಅನುಮಾನವನ್ನು ಅಲ್ಲಿಗೇ ಬಿಟ್ಟೆ.

ಕೆಳಗಿನ ಮುಚ್ಚಳಕ್ಕೆ 11 ಸ್ಕ್ರೂ. ಹಳೆಯ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ಸುತ್ತ ಎಳೆದೆ. ಒಳಗೆ ತೊಗರಿ ಹೊಟ್ಟಿನ ಧೂಳು ಹಿಟ್ಟಿನ ಹಾಗೆ ಕೂತಿತ್ತು. ಫ್ಯಾನಿನ ಬಾಯಿ ಮುಕ್ಕಾಲು ಮುಚ್ಚಿಹೋಗಿತ್ತು. ಮಿಲ್ಲಿನಲ್ಲಿ ಇಡೀ ದಿನ ಇರುವ ಯಂತ್ರ, ಬೇರೆ ಏನು ನಿರೀಕ್ಷೆ ಮಾಡೋಕಾಗುತ್ತೆ ಅಲ್ವಾ?

ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ತೆಗೆದದ್ದು. ಎರಡನೇ ಕೆಲಸ ಎಸ್‌ಎಸ್‌ಡಿ ಬಿಚ್ಚಿದ್ದು. ಅದನ್ನು ಯುಎಸ್‌ಬಿ ಡಬ್ಬಿಗೆ ಹಾಕಿ ಟ್ಯಾಲಿ ಡೇಟಾ ಪೂರ್ತಿ ಕಾಪಿ ಮಾಡಿ, ಪೆನ್‌ಡ್ರೈವಿನಲ್ಲಿ ಕಾಕಾ ಅವರ ಕೈಗೆ ಕೊಟ್ಟೆ. ಈ ಯಂತ್ರದಲ್ಲಿ ಡೇಟಾಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿರಲಿಲ್ಲ. ಹಾಕಿದ್ದರೆ ರಿಕವರಿ ಕೀ ಇಲ್ಲದೆ ಒಂದು ಫೈಲೂ ಬರುತ್ತಿರಲಿಲ್ಲ. ಡೇಟಾ ಕೈಗೆ ಬಂದ ಮೇಲೆ ಕಾಕಾ ಅವರು ಚಹಾ ಕುಡಿದರು. ಅಲ್ಲಿವರೆಗೆ ಮುಟ್ಟಿರಲಿಲ್ಲ.

ಬ್ಯಾಟರಿ ತೆಗೆದೇ ಇಟ್ಟು ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದೆ, ಆಮೇಲೆ ಬರೀ ಅಡಾಪ್ಟರ್ ಹಾಕಿ ನೋಡಿದೆ. ಏನೂ ಬದಲಾಗಲಿಲ್ಲ. ಎರಡು ರ‍್ಯಾಮ್ ಕಡ್ಡಿಗಳನ್ನೂ ತೆಗೆದು ನೋಡಿದೆ. ಅದೇ ಕಥೆ. ಬ್ಯಾಟರಿಯಿಂದಲೂ ಇಲ್ಲ, ಅಡಾಪ್ಟರಿನಿಂದಲೂ ಇಲ್ಲ ಅಂದರೆ ಎರಡೂ ಬಂದು ಸೇರುವ ಜಾಗವನ್ನೇ ನೋಡಬೇಕು. ಅದು ಬೋರ್ಡಿನ 19 ವೋಲ್ಟಿನ ಮುಖ್ಯ ಲೈನ್. ಬಾಕಿ ಎಲ್ಲ ವೋಲ್ಟೇಜೂ ಅಲ್ಲಿಂದಲೇ ಇಳಿದು ಹೋಗುತ್ತವೆ.

ಅದೇ ದಿನ ಸಂಜೆ: ಬಜರ್ ನಂಬಿ ಕೆಟ್ಟದ್ದು

ಮೊದಲನೇ ತಪ್ಪು ಇಲ್ಲಿ ಆಯಿತು. ಮುಖ್ಯ ಲೈನ್ ನೋಡಬೇಕು ಎಂದು ಗೊತ್ತಿದ್ದರೂ ಸುಮ್ನೆ ಮೀಟರನ್ನು ಬಜರ್‌ಗೆ ಇಟ್ಟು, ಕಪ್ಪು ಪ್ರೋಬನ್ನು ಸ್ಕ್ರೂ ತೂತಿಗೆ (ಅದೇ ಗ್ರೌಂಡ್, ಮೈನಸ್ ಬದಿ) ಹಿಡಿದು, ಕೆಂಪು ಪ್ರೋಬಿನಿಂದ ಒಂದೊಂದು ವೋಲ್ಟೇಜ್ ಲೈನಿನ ತಂತಿ ಸುರುಳಿಗಳಾದ ಕಾಯಿಲ್‌ಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋದೆ. ಪ್ರೊಸೆಸರ್ ಪಕ್ಕದ ಎರಡು ಕಾಯಿಲ್ ಮುಟ್ಟಿದ ಕೂಡಲೇ ಬಜರ್ ಕೂಗಿತು. ಪ್ರೊಸೆಸರ್ ಲೈನೇ ಶಾರ್ಟ್, ಇನ್ನು ಮಾಡುವುದೇನೂ ಇಲ್ಲ ಎಂದುಕೊಂಡೆ. ಕಾಕಾ ಅವರಿಗೆ ಫೋನ್ ಮಾಡಿ, "ಕಾಕಾ, ಬೋರ್ಡ್ ಹೋಗಿದೆ ಅನಸ್ತದ್ರಿ" ಎಂದೂ ಹೇಳಿಬಿಟ್ಟೆ.

ರಾತ್ರಿ ನಿದ್ದೆ ಬರಲಿಲ್ಲ. 11 ಗಂಟೆಗೆ ಎದ್ದು ನನ್ನದೇ ಲ್ಯಾಪ್‌ಟಾಪ್ ಬಿಚ್ಚಿದೆ. ಅದೂ ಕಾಕಾ ಅವರದರ ಹಾಗೇ 8ನೇ ತಲೆಮಾರಿನ ಐ5 ಪ್ರೊಸೆಸರಿನದು, ಚೆನ್ನಾಗಿ ನಡೆಯುತ್ತಿರುವ ಯಂತ್ರ. ಬ್ಯಾಟರಿ ತೆಗೆದು ಅದೇ ಕಾಯಿಲ್‌ಗಳಿಗೆ ಪ್ರೋಬ್ ಹಿಡಿದೆ. ಅಲ್ಲೂ ಬಜರ್ ಕೂಗಿತು!

ವಿಷಯ ಇಷ್ಟೇ. ಮೀಟರಿನ ಬಜರ್ ಸುಮಾರು 30ರಿಂದ 50 ಓಮ್ ಕೆಳಗಿದ್ದರೆ ಕೂಗುತ್ತದೆ. ಪ್ರೊಸೆಸರಿನ ಕೋರ್ ಲೈನ್ ಚೆನ್ನಾಗಿದ್ದಾಗಲೂ ಕೆಲವೇ ಓಮ್ ಇರುತ್ತದೆ. ಅಲ್ಲಿ ಬಜರ್ ಕೂಗುವುದು ಸಹಜ. ಶಾರ್ಟ್ ಹುಡುಕುವಾಗ ಓಮ್ ಅಂಕಿ ಓದಬೇಕು, ಸದ್ದು ಕೇಳಿ ತೀರ್ಮಾನ ಮಾಡಬಾರದು. ಇದು ನನಗೆ ಗೊತ್ತಿಲ್ಲದ ಸಂಗತಿಯೂ ಅಲ್ಲ. ಆತುರದಲ್ಲಿ ಮರೆತೆ, ಅಷ್ಟೇ ಅಲ್ಲ, ಒಬ್ಬರಿಗೆ ಬೋರ್ಡ್ ಸತ್ತಿದೆ ಎಂದೂ ಹೇಳಿದೆ. ಎಷ್ಟು ಒಳ್ಳೆಯ ಬೋರ್ಡುಗಳು ಹೀಗೆ ಒಂದು ಸದ್ದಿಗೆ ಗುಜರಿಗೆ ಹೋಗುತ್ತವೋ ಎಂದು ಆ ರಾತ್ರಿ ನಿಜವಾಗಿಯೂ ಬೇಜಾರಾಯಿತು.

ಜೂನ್ 9, ಸೋಮವಾರ: ಅಂಕಿ ಬರೆದುಕೊಂಡು ಮತ್ತೆ ಶುರು

ಮುಂಜಾನೆ ಕಾಕಾ ಅವರ ಮನೆಗೇ ಹೋಗಿ, ನಿನ್ನೆ ಹೇಳಿದ್ದು ತಪ್ಪು, ಇನ್ನೂ ನೋಡುತ್ತಿದ್ದೇನೆ ಎಂದೆ. "ಇರ‍್ಲಿ ತಮ್ಮಾ, ನಿಧಾನಕ್ಕ ನೋಡು. ಡಾಟಾ ಅಂತೂ ಸಿಕ್ತಲ್ಲ" ಎಂದರು.

ಸಂಜೆ ಬೋರ್ಡನ್ನು ಪೂರ್ತಿ ಹೊರಗೆ ತೆಗೆದೆ. ಹೀಟ್‌ಸಿಂಕ್, ಫ್ಯಾನ್, ವೈಫೈ ಕಾರ್ಡ್, ಎಲ್ಲ ಕೇಬಲ್ ಬಿಚ್ಚಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ತೆಗೆದೆ. ನೀರು ಬಿದ್ದ ಗುರುತು, ಹಸಿರು ಕಿಲುಬು, ಸುಟ್ಟ ಕಲೆ ಎಲ್ಲೂ ಇಲ್ಲ.

ಸರ್ಕ್ಯೂಟ್ ನಕ್ಷೆ ಹುಡುಕುವಾಗ ಲ್ಯಾಪ್‌ಟಾಪ್ ಮಾಡೆಲ್ ಹೆಸರು ಅಷ್ಟು ಕೆಲಸಕ್ಕೆ ಬರುವುದಿಲ್ಲ. ಬೋರ್ಡ್ ಮೇಲೆ ಅಚ್ಚಾದ ನಂಬರ್ ಬೇಕು. ಎಲ್‌ಎ ಎಂದು ಶುರುವಾದರೆ ಕಾಂಪಾಲ್ ಮಾಡಿದ ಬೋರ್ಡ್, ಡಿಎ0 ಎಂದಿದ್ದರೆ ಕ್ವಾಂಟಾ ಮಾಡಿದ್ದು. ಅನೇಕ ಸಲ ಈ ನಂಬರ್ ರ‍್ಯಾಮ್ ಕಡ್ಡಿಯ ಕೆಳಗೆ ಅಡಗಿರುತ್ತದೆ. ನನಗೆ ನಕ್ಷೆ ಸಿಕ್ಕಿತು.

ಮೊದಲು ಪ್ರೋಬ್‌ಗಳನ್ನು ಒಂದಕ್ಕೊಂದು ಮುಟ್ಟಿಸಿ ನೋಡಿದೆ: 0.4 ಓಮ್. ಇದು ವೈರಿನದೇ ರೆಸಿಸ್ಟೆನ್ಸ್, ಮುಂದಿನ ಪ್ರತಿ ಅಂಕಿಯಿಂದ ಇದನ್ನು ಕಳೆಯಬೇಕು. ಆಮೇಲೆ ಬರೆದುಕೊಂಡದ್ದು ಇದು. ಅಡಾಪ್ಟರ್ ಪಿನ್ ಚುಚ್ಚುವ ಡಿಸಿ ಜ್ಯಾಕ್‌ನಿಂದ ಗ್ರೌಂಡಿಗೆ 200 ಕಿಲೋ ಓಮ್‌ಗಿಂತ ಜಾಸ್ತಿ, ಶಾರ್ಟ್ ಇಲ್ಲ. 5 ವೋಲ್ಟ್ ಕಾಯಿಲ್, 3.3 ವೋಲ್ಟ್ ಕಾಯಿಲ್ ಎರಡೂ ಕಿಲೋ ಓಮ್ ಲೆಕ್ಕದಲ್ಲಿ. ರ‍್ಯಾಮಿನ 1.2 ವೋಲ್ಟ್ ಕಾಯಿಲ್ 90 ಓಮ್ ಆಸುಪಾಸು. ಕೋರ್ ಕಾಯಿಲ್ 5.2, ಅಂದರೆ ನಿಜಕ್ಕೆ 4.8. ನನ್ನ ಲ್ಯಾಪ್‌ಟಾಪಿನಲ್ಲೂ ಇದಕ್ಕೆ ಹತ್ತಿರವೇ ಬಂದಿತ್ತು.

ಕೊನೆಗೆ ಮುಖ್ಯ ಲೈನ್. ಬ್ಯಾಟರಿ ಚಾರ್ಜಿಂಗ್ ನೋಡಿಕೊಳ್ಳುವ ಚಿಪ್, ಅಂದರೆ ಚಾರ್ಜರ್ ಐಸಿ ಪಕ್ಕದಲ್ಲಿ ಆರ್010 ಎಂದು ಬರೆದ ದಪ್ಪ ರೆಸಿಸ್ಟರ್ ಇರುತ್ತದೆ, 10 ಮಿಲಿ ಓಮ್‌ನದು. ಅಡಾಪ್ಟರಿನ ಕರೆಂಟೆಲ್ಲ ಅದರ ಮೂಲಕವೇ ಹರಿಯುತ್ತದೆ. ಅದರ ಮೇಲೆ ಪ್ರೋಬ್ ಇಟ್ಟೆ: 0.9. ವೈರಿನ 0.4 ಕಳೆದರೆ ಅರ್ಧ ಓಮ್. ಇದು ನಿಜವಾದ ಶಾರ್ಟ್.

ಬೆಂಚ್ ಸಪ್ಲೈನಿಂದ ಜ್ಯಾಕ್‌ಗೆ 19 ವೋಲ್ಟ್ ಕೊಟ್ಟೆ, ಮಿತಿ 1 ಆಂಪ್. ಎಳೆದದ್ದು 0.02 ಆಂಪ್ ಮಾತ್ರ. ಜ್ಯಾಕ್ ಪಕ್ಕದಲ್ಲಿ ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಮೊದಲ ಮಾಸ್ಫೆಟ್‌ವರೆಗೆ 19 ವೋಲ್ಟ್ ಇದೆ, ಅದರಾಚೆ ಸೊನ್ನೆ. ಮಾಸ್ಫೆಟ್ ಬಾಗಿಲು ತೆರೆಯುತ್ತಿಲ್ಲ, ಶಾರ್ಟ್ ಇರುವುದು ಬಾಗಿಲಿನ ಆ ಕಡೆ. ಅಡಾಪ್ಟರ್ ಬಿಸಿಯಾಗದೆ ತಣ್ಣಗೆ ಕೂತದ್ದು ಇದಕ್ಕೇ.

ಇನ್ನೊಂದನ್ನು ಇಲ್ಲೇ ನೋಡಿಕೊಂಡೆ. ಮುಖ್ಯ ಲೈನ್‌ನಿಂದ ಕೋರ್ ಕಾಯಿಲ್‌ಗೆ 5.7 ಓಮ್ ಬಂತು. ಎರಡೂ ಗ್ರೌಂಡಿನ ಮೂಲಕ ಸುತ್ತಿ ಬಂದ ಲೆಕ್ಕ ಅದು. ಒಂದು ವೇಳೆ ವೈರಿನಷ್ಟೇ 0.4ರ ಹತ್ತಿರ ಬಂದಿದ್ದರೆ, ಇವೆರಡರ ನಡುವಿನ ಮಾಸ್ಫೆಟ್ ಶಾರ್ಟ್ ಆಗಿ 19 ವೋಲ್ಟ್ ನೇರ ಪ್ರೊಸೆಸರಿಗೆ ಹೋಗುವ ದಾರಿ ತೆರೆದಿದೆ ಎಂದರ್ಥ. ಹಾಗಿದ್ದಾಗ ಮುಖ್ಯ ಲೈನಿಗೆ ವೋಲ್ಟೇಜ್ ಕೊಟ್ಟರೆ ಪ್ರೊಸೆಸರ್ ಸಾಯುತ್ತದೆ. ಈ ಅಳತೆ ಬಿಟ್ಟು ಮುಂದೆ ಹೋಗಬೇಡಿ.

ಜೂನ್ 10, ಮಂಗಳವಾರ ಮಧ್ಯಾಹ್ನ: ಆಲ್ಕೋಹಾಲ್ ಕೈಕೊಟ್ಟಿತು

ಮುಖ್ಯ ಲೈನಿನ ಮೇಲೆ ಮೂವತ್ತಕ್ಕೂ ಜಾಸ್ತಿ ಸೆರಾಮಿಕ್ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಸಣ್ಣ ಭಾಗ) ಇವೆ. ಎಲ್ಲವೂ ಒಂದಕ್ಕೊಂದು ಸಮಾನಾಂತರ. ಯಾವುದೋ ಒಂದು ಶಾರ್ಟ್ ಆದರೆ ಮೀಟರಿಗೆ ಎಲ್ಲವೂ ಶಾರ್ಟ್ ಆದ ಹಾಗೇ ಕಾಣುತ್ತದೆ. ಒಂದೊಂದನ್ನೇ ಕಿತ್ತು ನೋಡುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ, ಬೋರ್ಡಿಗೆ ಸುಮ್ಮನೆ ಬಿಸಿ ತಿನ್ನಿಸಿದ ಹಾಗೆ.

ಬೇರೆ ದಾರಿ ಎಂದರೆ ಮುಖ್ಯ ಲೈನಿಗೆ ಹೊರಗಿನಿಂದ 1 ವೋಲ್ಟ್ ಕೊಡುವುದು. ಕರೆಂಟೆಲ್ಲ ಶಾರ್ಟ್ ಆದ ಜಾಗಕ್ಕೇ ನುಗ್ಗುತ್ತದೆ, ಆ ಜಾಗ ಬಿಸಿಯಾಗುತ್ತದೆ. ಸಪ್ಲೈನ ಕೆಂಪು ವೈರನ್ನು ಆರ್010ಗೆ ಬೆಸೆದೆ, ಕಪ್ಪು ವೈರ್ ಗ್ರೌಂಡಿಗೆ. 1 ವೋಲ್ಟ್, ಮಿತಿ 3 ಆಂಪ್. ಸ್ವಿಚ್ ಹಾಕಿದಾಗ 1.7 ಆಂಪ್ ಎಳೆಯಿತು. ಬೋರ್ಡ್ ಮೇಲೆ ಆಲ್ಕೋಹಾಲ್ ಸವರಿದರೆ ಬಿಸಿ ಇರುವ ಕಡೆ ಮೊದಲು ಒಣಗಬೇಕು.

ಆದರೆ ಅದು ಕಲಬುರಗಿಯ ಜೂನ್, ಮಧ್ಯಾಹ್ನ 2 ಗಂಟೆ, ತಲೆ ಮೇಲೆ ಫ್ಯಾನ್. ಸವರಿದ ಆಲ್ಕೋಹಾಲ್ ಇಡೀ ಬೋರ್ಡಿನಿಂದ ಒಂದೇ ಸಲಕ್ಕೆ ಆರಿಹೋಯಿತು. ಫ್ಯಾನ್ ಬಂದ್ ಮಾಡಿ ಮತ್ತೆ ಸವರಿದೆ. ಸ್ವಲ್ಪ ಉತ್ತಮ, ಆದರೂ ಚಾರ್ಜರ್ ಐಸಿಯ ಆ ಕಡೆ ಎಲ್ಲೋ ಎನ್ನುವುದಕ್ಕಿಂತ ಹೆಚ್ಚು ತಿಳಿಯಲಿಲ್ಲ. ಬೆರಳು ಇಟ್ಟು ನೋಡಿದೆ. ಆ ಭಾಗದ ತಾಮ್ರವೆಲ್ಲ ಬೆಚ್ಚಗಾಗಿ ಎಲ್ಲವೂ ಒಂದೇ ರೀತಿ ಅನ್ನಿಸಿತು. ಥರ್ಮಲ್ ಕ್ಯಾಮೆರಾ ನನ್ನಲ್ಲಿಲ್ಲ. ಕಾಲು ಬಾಟಲಿ ಆಲ್ಕೋಹಾಲ್ ಖರ್ಚಾದದ್ದೇ ಬಂತು.

ಜೂನ್ 11, ಬುಧವಾರ ಮುಂಜಾನೆ 5:30: ಅವ್ವನ ಬಸ್ ಟಿಕೆಟ್

ತಂಪು ಹೊತ್ತಿನಲ್ಲಿ ಮತ್ತೆ ನೋಡೋಣ ಎಂದು ಬೇಗ ಎದ್ದೆ. ಮೇಜಿನ ಮೇಲೆ ಅವ್ವನ ಬಸ್ ಟಿಕೆಟ್ ಬಿದ್ದಿತ್ತು. ಹಿಂದಿನ ದಿನ ಆಳಂದದಿಂದ ಬಂದಿದ್ದಳು, ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್. ಕಂಡಕ್ಟರ್ ಕೈಯಲ್ಲಿನ ಮಷಿನ್ನಿನಿಂದ ಬರುವ ಟಿಕೆಟ್ಟಿಗೆ ಶಾಯಿ ಇರುವುದಿಲ್ಲ. ಕಾಗದವೇ ಬಿಸಿಗೆ ಕಪ್ಪಾಗುವಂಥದ್ದು. ಅದನ್ನು ನೋಡಿದ ಕೂಡಲೇ ಹೊಳೆಯಿತು.

ಯಾವ ಬದಿಗೆ ಲೇಪ ಇದೆ ಎಂದು ತಿಳಿಯಲು ಉಗುರಿನಿಂದ ಗೀರಿದೆ. ಕಪ್ಪು ಗೆರೆ ಮೂಡಿದ್ದೇ ಲೇಪದ ಬದಿ. ಆಲ್ಕೋಹಾಲ್ ತಾಗಿದರೂ ಈ ಕಾಗದ ಕಪ್ಪಾಗಬಹುದು, ಹಾಗಾಗಿ ಬೋರ್ಡ್ ಪೂರ್ತಿ ಒಣಗಿದೆಯೇ ಎಂದು ನೋಡಿಕೊಂಡೆ. ಲೇಪದ ಬದಿ ಕೆಳಗೆ ಮಾಡಿ ಚಾರ್ಜರ್ ಐಸಿಯ ಆಸುಪಾಸು ಟಿಕೆಟ್ ಹಾಸಿ, ಮೇಲೆ ಒಂದು ರಬ್ಬರ್ ತುಂಡು ಒತ್ತಿ ಹಿಡಿದು ಸಪ್ಲೈ ಹಾಕಿದೆ. ಹತ್ತು ಎಣಿಸಿ ಬಂದ್ ಮಾಡಿ ತಿರುಗಿಸಿ ನೋಡಿದರೆ ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆ. ಒಂದೇ ಒಂದು.

ಟಿಕೆಟ್ಟನ್ನು ಮತ್ತೆ ಅದೇ ಜಾಗಕ್ಕೆ ಇಟ್ಟು ಹೊಂದಿಸಿದೆ. ಸಾಲಾಗಿ ಕೂತ ಮೂರು ಕೆಪಾಸಿಟರಿನಲ್ಲಿ ನಡುವಿನದು. ಖಾತ್ರಿಗೆ ಆ ಮೂರರ ಮೇಲೆ ಮಾತ್ರ ಒಂದು ಹನಿ ಆಲ್ಕೋಹಾಲ್ ಬಿಟ್ಟು ಸಪ್ಲೈ ಹಾಕಿದೆ. ನಡುವಿನದು ಕಣ್ಣೆದುರೇ ಬುಸ್ ಎಂದು ಆರಿತು, ಎರಡು ಪಕ್ಕದವು ಒದ್ದೆಯಾಗೇ ಇದ್ದವು. ಭೂತಗನ್ನಡಿಯಲ್ಲಿ ಅದರ ಒಂದು ಮೂಲೆಗೆ ಕೂದಲಿನಂಥ ಬಿರುಕು ಕಂಡಿತು. ಬೋರ್ಡ್ ಬಾಗಿದಾಗ ಸೆರಾಮಿಕ್ ಕೆಪಾಸಿಟರ್ ಹೀಗೆ ಬಿರುಕು ಬಿಡುತ್ತದೆ, ಆಮೇಲೆ ಯಾವತ್ತೋ ಒಂದು ದಿನ ಶಾರ್ಟ್ ಆಗುತ್ತದೆ. ಕಾಕಾ ಈ ಲ್ಯಾಪ್‌ಟಾಪನ್ನು ಲೆಕ್ಕದ ಪುಸ್ತಕಗಳ ಜೊತೆ ಒಂದೇ ಚೀಲಕ್ಕೆ ತುರುಕಿ ದಿನಾ ಗಾಡಿ ಮೇಲೆ ಒಯ್ಯುತ್ತಿದ್ದರು.

ಸುತ್ತ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್ ಅಂಟಿಸಿ, ಫ್ಲಕ್ಸ್ ಹಾಕಿ, ಹಾಟ್ ಏರ್ 380 ಡಿಗ್ರಿಗೆ ಇಟ್ಟು ತೆಗೆದೆ. ಮುಖ್ಯ ಲೈನ್ ಅಳೆದರೆ ಅಂಕಿ ಏರುತ್ತಾ ಹೋಗಿ 180 ಕಿಲೋ ಓಮ್‌ಗೆ ನಿಂತಿತು. ಅಂಕಿ ನಿಧಾನಕ್ಕೆ ಏರಿದರೆ ಒಳ್ಳೆಯ ಲಕ್ಷಣ, ಉಳಿದ ಕೆಪಾಸಿಟರುಗಳು ಚಾರ್ಜ್ ಆಗುತ್ತಿವೆ ಎಂದರ್ಥ.

ಹಳೆಯ ಗುಜರಿ ಬೋರ್ಡಿನ 19 ವೋಲ್ಟ್ ಲೈನಿನಿಂದಲೇ ಅಷ್ಟೇ ದಪ್ಪ, ಅಷ್ಟೇ ಉದ್ದದ ಒಂದು ಕೆಪಾಸಿಟರ್ ತೆಗೆದು ಹಾಕಿದೆ. ನಕ್ಷೆಯ ಪ್ರಕಾರ 10 ಮೈಕ್ರೋಫ್ಯಾರಡ್, 25 ವೋಲ್ಟ್. ಈ ಕೆಪಾಸಿಟರುಗಳ ಮೇಲೆ ಏನೂ ಬರೆದಿರುವುದಿಲ್ಲ. ಕಡಿಮೆ ವೋಲ್ಟೇಜ್ ಲೈನಿನದನ್ನು ತಂದು ಇಲ್ಲಿ ಹಾಕಿದರೆ ಮತ್ತೆ ಒಡೆಯುತ್ತದೆ. ಅದಕ್ಕೇ 19 ವೋಲ್ಟಿನದೇ ಆಗಬೇಕು.

ಅದೇ ದಿನ ರಾತ್ರಿ: ಗೆದ್ದ ಖುಷಿಯಲ್ಲಿ ಕೈ ಜಾರಿತು

ಎರಡನೇ ತಪ್ಪು, ಮೊದಲಿನದಕ್ಕಿಂತ ದೊಡ್ಡದು.

ಡ್ಯೂಟಿ ಮುಗಿಸಿ ಬಂದು ಜ್ಯಾಕ್‌ಗೆ 19 ವೋಲ್ಟ್ ಕೊಟ್ಟೆ. ಮುಖ್ಯ ಲೈನಿನಲ್ಲಿ 19 ಬಂದು ನಿಂತಿತು. ಚಾರ್ಜರ್ ಐಸಿಯ ಒಳಗಿನ 6 ವೋಲ್ಟ್ ಇದೆ. ಅಡಾಪ್ಟರ್ ಬಂದಿದೆ ಎಂದು ಅದು ಮುಂದಕ್ಕೆ ತಿಳಿಸುವ ಕಾಲಿನಲ್ಲಿ 3.3 ಇದೆ. ಮುಂದಿನ ಹೆಜ್ಜೆ 3 ವೋಲ್ಟ್ 5 ವೋಲ್ಟ್ ಐಸಿ. ಯಂತ್ರ ಬಂದ್ ಇದ್ದಾಗಲೂ ಜೀವಂತ ಇರಬೇಕಾದ 3.3 ಮತ್ತು 5 ವೋಲ್ಟ್ ಇಲ್ಲಿಂದಲೇ ಹುಟ್ಟುತ್ತವೆ. ಇವಿದ್ದರೆ ಮಾತ್ರ ಪವರ್ ಬಟನ್ನಿಗೆ ಅರ್ಥ.

ಆ ಐಸಿಗೆ ಸುತ್ತ 20 ಕಾಲು, ಇಡೀ ಐಸಿಯೇ 3 ಮಿಲಿಮೀಟರ್ ಚೌಕ. 19 ವೋಲ್ಟ್ ಒಳಗೆ ಬರುವ ಕಾಲಿನ ಪಕ್ಕದಲ್ಲೇ 5 ವೋಲ್ಟ್ ಹೊರಗೆ ಹೋಗುವ ಕಾಲು. ನಾನು ಮೀಟರಿನ ದಪ್ಪ ಪ್ರೋಬನ್ನೇ ನೇರ ಆ ಕಾಲಿಗೆ ಇಟ್ಟೆ. ಎಡಗೈಯಲ್ಲಿ ನಕ್ಷೆ ತೋರಿಸುವ ಫೋನ್ ಬೇರೆ ಹಿಡಿದಿದ್ದೆ. ಪ್ರೋಬ್ ಕೂದಲೆಳೆಯಷ್ಟು ಜಾರಿತು. ಸಣ್ಣ ಕಿಡಿ, ಟಪ್ ಎಂಬ ಸದ್ದು. ಸಪ್ಲೈ 1 ಆಂಪ್ ಮಿತಿಗೆ ಹೋಗಿ ನಿಂತಿತು. ಸ್ವಿಚ್ ತೆಗೆದು ಬೆರಳಿಟ್ಟರೆ ಐಸಿ ಸುಡುತ್ತಿತ್ತು.

ಅವತ್ತು ಇನ್ನೇನೂ ಮುಟ್ಟಲಿಲ್ಲ. ಕಾಕಾ ಅವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೊದಲಿನ ತೊಂದರೆ ಸರಿಹೋಯಿತು, ಆದರೆ ನನ್ನ ಕೈಯಿಂದ ಇನ್ನೊಂದು ಐಸಿ ಹೋಯಿತು, ಅದರ ಖರ್ಚು ನನ್ನದು ಎಂದೆ. ಹೀಗೆ ಹೇಳುವುದು ಕಷ್ಟವೇ. ಆದರೆ ಹೇಳದೆ ಮುಚ್ಚಿಟ್ಟಿದ್ದರೆ ನಾಳೆ ಅವರೆದುರು ನಿಂತು ಮಾತಾಡಲು ಆಗುತ್ತಿರಲಿಲ್ಲ.

ಆಮೇಲೆ ನಕ್ಷೆ ನೋಡುತ್ತಾ ಕೂತಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಆ 5 ವೋಲ್ಟ್ ಕಾಲಿಗೆ ತಾಗಿಕೊಂಡೇ ಒಂದು ಕೆಪಾಸಿಟರ್ ಇದೆ, ಐಸಿಯಿಂದ ಅರ್ಧ ಸೆಂಟಿಮೀಟರ್ ದೂರ. ಅದೇ ವೋಲ್ಟೇಜ್ ಅಲ್ಲೂ ಸಿಗುತ್ತದೆ. ಸುತ್ತ ಖಾಲಿ ಜಾಗವೂ ಇದೆ, ಪ್ರೋಬ್ ಜಾರಿದರೂ ಏನೂ ಆಗುತ್ತಿರಲಿಲ್ಲ. ಈಗ ನಾನು ಮಾಡುವುದು ಹೀಗೆ. ಐಸಿ ಕಾಲಿಗೆ ನೇರ ಪ್ರೋಬ್ ಇಡುವುದಿಲ್ಲ, ಆ ಲೈನಿನ ಕೆಪಾಸಿಟರ್ ಅಥವಾ ರೆಸಿಸ್ಟರ್ ಹುಡುಕಿ ಅಲ್ಲಿ ಅಳೆಯುತ್ತೇನೆ. ಎರಡೂ ಪ್ರೋಬಿನ ಮೊನೆಗೆ ಹೊಲಿಗೆ ಸೂಜಿ ಬೆಸೆದಿದ್ದೇನೆ, ತುದಿಯ 1 ಮಿಲಿಮೀಟರ್ ಬಿಟ್ಟು ಉಳಿದದ್ದಕ್ಕೆ ಹೀಟ್ ಶ್ರಿಂಕ್ ಟ್ಯೂಬ್ ಹಾಕಿದ್ದೇನೆ. ಕರೆಂಟ್ ಇರುವಾಗ ಫೋನ್ ಕೈಯಲ್ಲಿ ಹಿಡಿಯುವುದಿಲ್ಲ.

ಜೂನ್ 14 ಮತ್ತು 15: ಹೊಸ ಐಸಿ

ಕಲಬುರಗಿಯಲ್ಲಿ ನಾನು ಕೇಳಿದ ಮೂರು ಅಂಗಡಿಯಲ್ಲೂ ಆ ಐಸಿ ಸಿಗಲಿಲ್ಲ. ಗೆಳೆಯನೊಬ್ಬ ಹೈದರಾಬಾದಿಗೆ ಹೋಗಿದ್ದ. ಕೋಠಿಯಲ್ಲಿ ಹುಡುಕಿ ಎರಡು ತಂದುಕೊಟ್ಟ, ಎರಡಕ್ಕೆ ಸೇರಿ 240 ರೂಪಾಯಿ. ಯಾವಾಗಲೂ ಎರಡು ತರಿಸುವುದು ಒಳ್ಳೆಯದು. ಹಳೆ ಬೋರ್ಡಿನಿಂದ ತೆಗೆದು ತೊಳೆದ ಐಸಿಯೂ ಹೊಸದರ ಜೊತೆ ಸೇರಿ ಬರುತ್ತದೆ.

ಸತ್ತ ಐಸಿ ತೆಗೆದ ಮೇಲೆ, ಹೊಸದು ಹಾಕುವ ಮೊದಲು ಎಲ್ಲವನ್ನೂ ಮತ್ತೆ ಅಳೆದೆ. 19 ವೋಲ್ಟ್ ನುಗ್ಗಿದ್ದು 5 ವೋಲ್ಟ್ ಲೈನಿಗೆ, ಅದರ ಮುಂದೆ ಏನೇನು ಸತ್ತಿದೆಯೋ ಎಂಬ ಹೆದರಿಕೆ ಇತ್ತು. 5 ವೋಲ್ಟ್ ಲೈನ್ ಕಿಲೋ ಓಮ್‌ನಲ್ಲೇ ಇದೆ, 3.3 ಕೂಡ ಹಾಗೇ. ಆ ಐಸಿ ನಡೆಸುವ ನಾಲ್ಕು ಮಾಸ್ಫೆಟ್ಟೂ ಚೆನ್ನಾಗಿವೆ. 1 ಆಂಪ್ ಮಿತಿ ಇಟ್ಟದ್ದೇ ಉಳಿಸಿತು ಎಂದು ನನ್ನ ನಂಬಿಕೆ. ಅಡಾಪ್ಟರ್ ಹಾಕಿ ಅಳೆಯುತ್ತಿದ್ದರೆ 3 ಆಂಪ್‌ಗಿಂತ ಜಾಸ್ತಿ ನುಗ್ಗುತ್ತಿತ್ತು.

ಹೊಸ ಐಸಿ ಕೂರಿಸಿ ಸಪ್ಲೈ ಹಾಕಿದೆ. 3.3 ಇಲ್ಲ, 5 ಇಲ್ಲ. ಐಸಿಯೇ ಖೋಟಾ ಇರಬೇಕು ಎಂದುಕೊಂಡು ಎರಡನೆಯದಕ್ಕೆ ಕೈ ಹಾಕಿದೆ. ಆಮೇಲೆ ತಡೆದು, ಬೋರ್ಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಡ್ಡದಿಂದ ನೋಡಿದೆ. ಐಸಿ ಒಂದು ಬದಿಗೆ ಎದ್ದು ನಿಂತಿತ್ತು. ಅದರ ಹೊಟ್ಟೆಯ ಕೆಳಗೆ ದೊಡ್ಡ ಗ್ರೌಂಡ್ ಪ್ಯಾಡ್ ಇರುತ್ತದೆ. ಅಲ್ಲಿ ನಾನು ಸೋಲ್ಡರ್ ಜಾಸ್ತಿ ಹಾಕಿದ್ದೆ. ಅದರ ಗುಡ್ಡದ ಮೇಲೆ ಐಸಿ ತೇಲಿ, ಒಂದು ಬದಿಯ ಕಾಲುಗಳು ಬೋರ್ಡಿಗೆ ಮುಟ್ಟಿಯೇ ಇರಲಿಲ್ಲ. ತೆಗೆದು, ವಿಕ್‌ನಿಂದ (ಸೋಲ್ಡರ್ ಹೀರುವ ತಾಮ್ರದ ಹೆಣಿಗೆ ಪಟ್ಟಿ) ನಡುವಿನ ಸೋಲ್ಡರ್ ಹೀರಿ, ತೆಳುವಾಗಿ ಮಾತ್ರ ಬಿಟ್ಟು, ಫ್ಲಕ್ಸ್ ಹಾಕಿ ಮತ್ತೆ ಕೂರಿಸಿದೆ. ಸೋಲ್ಡರ್ ಕರಗಿದಾಗ ಚಿಮಟದಿಂದ ಮೆಲ್ಲಗೆ ತಟ್ಟಿದರೆ ಐಸಿ ತಾನೇ ಅಲ್ಲಾಡಿ ತನ್ನ ಜಾಗಕ್ಕೆ ಬಂದು ಕೂರಬೇಕು. ಈ ಸಲ ಕೂತಿತು.

3.31 ವೋಲ್ಟ್. 5.06 ವೋಲ್ಟ್. ಎರಡನ್ನೂ ಕೆಪಾಸಿಟರ್ ಮೇಲೆಯೇ ಅಳೆದೆ.

ಜೂನ್ 17, ಮಂಗಳವಾರ: ಬಟನ್

ಹೊಸ ಥರ್ಮಲ್ ಪೇಸ್ಟ್ ಹಾಕಿ ಹೀಟ್‌ಸಿಂಕ್ ಕೂರಿಸಿದೆ. ಫ್ಯಾನ್, ಒಂದು ರ‍್ಯಾಮ್ ಕಡ್ಡಿ, ಡಿಸ್‌ಪ್ಲೇ ಕೇಬಲ್. ಬ್ಯಾಟರಿ ಬೇಡ. ಸಪ್ಲೈ ಮಿತಿಯನ್ನು 3 ಆಂಪ್‌ಗೆ ಏರಿಸಿದೆ. ಬಂದ್ ಇದ್ದಾಗ 0.02 ಆಂಪ್.

ಬಟನ್ ಒತ್ತಿದೆ. 0.02ರಿಂದ 0.3, ಆಮೇಲೆ 0.7, ಆಮೇಲೆ 1.1. ಫ್ಯಾನ್ ತಿರುಗಿತು. ಆದರೆ ಪರದೆ ಕಪ್ಪು. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್. ಬಂದ್ ಮಾಡಲು ಕೈ ಬಟನ್ ಹತ್ತಿರ ಹೋಗಿತ್ತು. ಸಪ್ಲೈ ಮೇಲಿನ ಅಂಕಿ ನೋಡಿದೆ. ಒಂದೇ ಕಡೆ ನಿಲ್ಲದೆ ಮೇಲೆ ಕೆಳಗೆ ಆಡುತ್ತಿತ್ತು, ಅಂದರೆ ಒಳಗೆ ಏನೋ ಕೆಲಸ ನಡೆದಿದೆ. ಬಹಳ ದಿನ ಕರೆಂಟಿಲ್ಲದೆ ಸೆಟ್ಟಿಂಗ್ ಅಳಿಸಿಹೋದ ಬೋರ್ಡ್ ಮೊದಲ ಸಲ ರ‍್ಯಾಮನ್ನು ಹೊಸದಾಗಿ ಹೊಂದಿಸಿಕೊಳ್ಳಲು ಸಮಯ ತಗೊಳ್ಳುತ್ತದೆ. 40 ಸೆಕೆಂಡಿಗೆ ಪರದೆ ಬೆಳಗಿತು. ತಾರೀಖು ಸಮಯ ತಪ್ಪಿದೆ ಎಂಬ ಸೂಚನೆ. ನಾನು ಕುರ್ಚಿಯಿಂದ ಎದ್ದು ಅವ್ವನನ್ನು ಕರೆದು ತೋರಿಸಿದೆ.

ಬೋರ್ಡಿನ ಸಣ್ಣ ನಾಣ್ಯದ ಬ್ಯಾಟರಿ, ಸಿಆರ್2032, ಅಳೆದರೆ 2.1 ವೋಲ್ಟ್. 3 ಇರಬೇಕು. 40 ರೂಪಾಯಿಯ ಹೊಸದು ಹಾಕಿದೆ. ಎಲ್ಲ ಜೋಡಿಸಿ, ಬ್ಯಾಟರಿ ಹಾಕಿ, ಅವರದೇ ಅಡಾಪ್ಟರಿನಲ್ಲಿ ಎರಡು ತಾಸು ಜೋರು ಲೋಡ್ ಕೊಟ್ಟೆ. ಪ್ರೊಸೆಸರ್ 78 ಡಿಗ್ರಿ ದಾಟಲಿಲ್ಲ. ಬ್ಯಾಟರಿ 4ರಿಂದ 96 ಶೇಕಡಾಕ್ಕೆ ಏರಿತು. ಹೊಸದಾಗಿ ಹಾಕಿದ ಕೆಪಾಸಿಟರ್ ಬಿಸಿಯಾಗಲಿಲ್ಲ.

ಖರ್ಚು: ಕೆಪಾಸಿಟರಿಗೆ ಏನೂ ಇಲ್ಲ. ಐಸಿ 240, ಅದು ನನ್ನ ತಪ್ಪಿಗೆ, ನಾನೇ ಕೊಟ್ಟೆ. ಆಲ್ಕೋಹಾಲ್ 250ರ ಬಾಟಲಿಯಲ್ಲಿ ಅರ್ಧ. ಥರ್ಮಲ್ ಪೇಸ್ಟ್ 150. ನಾಣ್ಯದ ಬ್ಯಾಟರಿ 40. ಕಾಕಾ ಅವರಿಂದ ಪೇಸ್ಟ್ ಮತ್ತು ಬ್ಯಾಟರಿಯ 190 ಮಾತ್ರ ತಗೊಂಡೆ. ನನ್ನ ಸಮಯ ಸುಮಾರು 16 ತಾಸು. ತಪ್ಪುಗಳನ್ನು ಬಿಟ್ಟರೆ ಆರು ತಾಸಿನ ಕೆಲಸ.

ಕಾಕಾ ಅವರಿಗೆ ಲ್ಯಾಪ್‌ಟಾಪಿಗೇ ಬೇರೆ ಚೀಲ ಮಾಡಿಕೊಳ್ಳಲು ಹೇಳಿದೆ, ಲೆಕ್ಕದ ಪುಸ್ತಕಗಳ ಭಾರ ಅದರ ಮೇಲೆ ಬೀಳದ ಹಾಗೆ. "ಹೂಂ ತಮ್ಮಾ, ಇವತ್ತೇ ತರ‍್ತೀನಿ" ಎಂದು ಹೋದರು. ಮೂರು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಧೂಳು ಹೊಡೆಯಲು ತಂದುಕೊಡಿ ಎಂದೂ ಹೇಳಿದ್ದೇನೆ.

ಒಂದು ಕೆಲಸ ಬಾಕಿ ಇದೆ. ಹೊಟ್ಟು ತಿಂದು ತಿಂದು ಫ್ಯಾನಿನ ಬೇರಿಂಗ್ ಸವೆದಿದೆ, ಜೋರು ತಿರುಗಿದಾಗ ಕರಕರ ಸದ್ದು ಬರುತ್ತದೆ. ಹೊಸ ಫ್ಯಾನ್ 650 ರೂಪಾಯಿಗೆ ಹೇಳಿದ್ದೇನೆ. ಬಂದ ಮೇಲೆ ರವಿವಾರ ನೋಡಿ ಹಾಕಬೇಕು. ಆಗ ಮುಚ್ಚಳ ತೆಗೆದಾಗ ಆ ಕೆಪಾಸಿಟರನ್ನೂ ಒಮ್ಮೆ ಭೂತಗನ್ನಡಿಯಲ್ಲಿ ನೋಡುತ್ತೇನೆ.